ಸಣ್ಣಕ್ಕ ನೀರುಗಂಟಿಯಾದ ಬಗೆ

ಕೊಣನೂರಿನಲ್ಲಿ ಬಸ್ಸು ಹತ್ತಿ ಹೊಳೆಸಾಲಿನ ರಸ್ತೆ ಹಿಡಿದರೆ ಅರ್ಧ ಗಂಟೆಗೆ ಹೊಂಗೆಕೊಪ್ಪಲು. ಕಾವೇರಿ ಅಲ್ಲಿ ಊರಿನ ಬೆನ್ನಿಗೇ ಹರಿಯುತ್ತಾಳೆ. ಗಾಳಿ ಈ ಕಡೆ ಬೀಸಿದರೆ ರುದ್ರಪಟ್ಟಣದ ಸಂಗೀತೋತ್ಸವದ ಮೈಕು ಕೇಳಿಸುತ್ತದೆ ಎಂದು ಕೆಲವರು ಹೇಳುತ್ತಾರೆ, ಕೇಳಿದವರನ್ನು ಯಾರೂ ಕಂಡಿಲ್ಲ. ಭತ್ತ, ಹೊಗೆಸೊಪ್ಪು, ಈಚೆಗೆ ಶುಂಠಿ ಬೆಳೆಯುವ ಊರು. ಹೊಳೆ ಬೆನ್ನಿಗಿದ್ದರೂ ಕುಡಿಯುವ ನೀರು ಮಾತ್ರ ಬೋರ್‌ವೆಲ್ಲಿನಿಂದ ಟ್ಯಾಂಕಿಗೇರಿ, ಟ್ಯಾಂಕಿನಿಂದ ಪೈಪಿಗಿಳಿದು, ಬೀದಿ ಬೀದಿ ಸುತ್ತಿ ನಲ್ಲಿಗೆ ಬರಬೇಕು.

ಪಂಚಾಯ್ತಿ ಆಫೀಸು ಇರುವುದೂ ಅಲ್ಲೇ. ಏಳು ಹಳ್ಳಿ ಸೇರಿ ಒಂದು ಪಂಚಾಯ್ತಿ, ಹದಿನಾಲ್ಕು ಜನ ಮೆಂಬರುಗಳು. ಅಧ್ಯಕ್ಷರ ಕುರ್ಚಿ ಮೀಸಲಾತಿ ಲೆಕ್ಕದಲ್ಲಿ ಒಂದೊಂದು ಸಲ ಒಂದೊಂದು ಜನಕ್ಕೆ ಸುತ್ತಿ ಬರುತ್ತದೆ. ಆ ಸಲ ಪಕ್ಕದ ಗೌಡನಕಟ್ಟೆಯ ನಾಗಲಕ್ಷ್ಮಿಗೆ ಬಂದಿತ್ತು. ಮೂವತ್ತು ದಾಟದ ಹೆಣ್ಣುಮಗಳು, ಮೊದಮೊದಲು ಆ ಕುರ್ಚಿಯ ಅಂಚಿನಲ್ಲಿ ಕೂತು ಈಗೀಗ ಬೆನ್ನು ಆನಿಸಿ ಕೂರುವುದನ್ನು ಕಲಿತಿದ್ದಳು. ಕಾಗದ ಪತ್ರವೆಲ್ಲ ನೋಡುವ ಪಿಡಿಓ ರಂಜನಿ ಮೇಡಂ ಹೊಳೆನರಸೀಪುರದವರು, ದೇವಸ್ಥಾನದ ಬೀದಿಯ ಮೇಷ್ಟರ ಮಗಳು. ದಿನಾ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಇಲ್ಲಿ ಬರೆದ ಕಾಗದ ಅರಕಲಗೂಡಿನ ತಾಲ್ಲೂಕು ಪಂಚಾಯ್ತಿಗೆ ಹೋಗಿ, ಅಲ್ಲಿಂದ ಹಾಸನದ ಜಿಲ್ಲಾ ಪಂಚಾಯ್ತಿಗೆ ಏರಿ, ಮತ್ತೆ ಇಳಿದು ಬರುವಷ್ಟರಲ್ಲಿ ಬಿತ್ತಿದ ರಾಗಿ ಕೊಯ್ಲಿಗೆ ಬಂದಿರುತ್ತದೆ ಎಂದು ಊರವರು ನಗುತ್ತಿದ್ದರು.

ಖಾತೆ, ಮನೆ ಬಿಲ್ಲು, ಬೀದಿ ದೀಪ, ಜಾಬ್ ಕಾರ್ಡು ಎಲ್ಲಾ ಸರಿ. ಆದರೆ ಮನೆಯೊಳಗಿನ ಹೆಂಗಸಿಗೆ ಪಂಚಾಯ್ತಿ ಅಂದರೆ ನಲ್ಲಿ. ನಲ್ಲಿ ಅಂದರೆ ನೀರುಗಂಟಿ. ಹೊಂಗೆಕೊಪ್ಪಲಿನಲ್ಲಿ ಇಪ್ಪತ್ತೇಳು ವರ್ಷ ನೀರುಗಂಟಿ ಅಂದರೆ ಕಾಲೋನಿಯ ಚಲುವಯ್ಯ.

ಹೆಗಲ ಮೇಲೆ ಎದೆಮಟ್ಟದ ಕಬ್ಬಿಣದ ಕೀ ಹೊತ್ತು, ಬೀದಿಯ ಗುಂಡಿ ಗುಂಡಿಗೂ ಇಳಿದು ಗೇಟ್‌ವಾಲು ತಿರುಗಿಸುವುದು ಅವನ ಕೆಲಸ. ಮಿಕ್ಕ ಊರುಗಳಲ್ಲಿ ಟ್ಯಾಂಕಿನ ಹತ್ತಿರದ ಬೀದಿಗೆ ಮೊದಲು ನೀರು. ಚಲುವಯ್ಯ ಮಾತ್ರ ತಲೆಕೆಳಗು. ಟ್ಯಾಂಕು ತುಂಬಿದ್ದಾಗ ಊರ ಕಟ್ಟಕಡೆಯ ಬೀದಿಗೆ ಬಿಟ್ಟು, ಹತ್ತಿರದವರಿಗೆ ಕೊನೆಗೆ ಬಿಡುತ್ತಿದ್ದ. ಕಟ್ಟಕಡೆ ಅಂದರೆ ಕಾಲೋನಿ. "ನಿಮ್ ಜನಕ್ಕೆ ಮೊದ್ಲು ಬಿಡ್ತೀಯಲ್ಲಾ" ಎಂದು ಬೈದವರಿಗೆ ಅವನು ಹೇಳುತ್ತಿದ್ದುದು ಒಂದೇ. "ಟ್ಯಾಂಕ್ ತುಂಬಿದ್ದಾಗ ಒತ್ತಡ ಇರ್ತದೆ ಸಾ, ದೂರಕ್ಕೋಯ್ತದೆ. ಕಮ್ಮಿಯಾದ್ ಮ್ಯಾಲೂ ಅತ್ರದೋರ್ಗೆ ಬಂದೇ ಬತ್ತದೆ. ಬೇಕಾರೆ ಒಂದಿನ ನೀವೇ ತಿರುಗ್ಸಿ ನೋಡಿ." ಒಂದೆರಡು ಸಲ ತಿರುಗಿಸಿ ನೋಡಿದವರೂ ಇದ್ದರು. ಆಮೇಲೆ ಯಾರೂ ಬೈಯಲಿಲ್ಲ.

ಕೊನೆಯ ನಾಲ್ಕು ವರ್ಷ ಚಲುವಯ್ಯನ ಬಲಮಂಡಿ ಹೋಗಿಬಿಟ್ಟಿತ್ತು. ಗುಂಡಿಗೆ ಇಳಿದರೆ ಹತ್ತಲಾರ. ಅವಾಗಿನಿಂದ ಹೆಂಡತಿ ಸಣ್ಣಕ್ಕ ಜೊತೆಗೆ ಹೊರಟಳು. ಅವನು ಕಲ್ಲಿನ ಮೇಲೆ ಕೂತು "ಮೂರು ಸುತ್ತು... ಇನ್ನರ್ಧ... ಸಾಕು ಸಾಕು" ಎನ್ನುತ್ತಿದ್ದ, ಅವಳು ಸೆರಗು ಸಿಕ್ಕಿಸಿಕೊಂಡು ತಿರುಗಿಸುತ್ತಿದ್ದಳು. ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಸಂಬಳ ಅವನ ಹೆಸರಿಗೆ ಬರುವುದು, ಕೈ ಇವಳದ್ದು ಅಂತ ಆಡಿದರೆ ಅವನ ಹೊಟ್ಟೆಗೆ ಕಲ್ಲು ಬೀಳುತ್ತದೆ ಅನ್ನುವ ಮಾನ ಊರಿಗಿತ್ತು. ಇದನ್ನು ಸಣ್ಣಕ್ಕ ಮರೆತವಳಲ್ಲ.

ಆಷಾಢದಲ್ಲಿ ಚಲುವಯ್ಯನಿಗೆ ಎದೆನೋವು ಬಂದು ಹಾಸನದ ಆಸ್ಪತ್ರೆಗೆ ಸೇರಿಸಿದರು. ಹದಿಮೂರು ದಿನ ಸಣ್ಣಕ್ಕ ಅವನ ಮಂಚದ ಕೆಳಗೆ ಮಲಗಿದಳು. ನರ್ಸಿಂಗ್ ಓದುತ್ತಿದ್ದ ಮಗಳು ಶೋಭಿತಾ ಕ್ಲಾಸು ಮುಗಿಸಿ ಬಂದು ಊಟ ಕೊಟ್ಟು ಹೋಗುತ್ತಿದ್ದಳು. ಹದಿನಾಲ್ಕನೇ ದಿನ ಬೆಳಿಗ್ಗೆ ಅವನು ಹೋಗಿಬಿಟ್ಟ. ಊರಿಗೆ ತಂದು, ಬುದ್ಧನ ಪಟದ ಮುಂದೆ ದೀಪ ಹಚ್ಚಿ, ಮಣ್ಣು ಮಾಡಿದ ದಿನ ಹೊಂಗೆಕೊಪ್ಪಲಿನಲ್ಲಿ ನೀರು ಬಿಡಲು ಯಾರೂ ಹೋಗಲಿಲ್ಲ. ಆದರೂ ಯಾರೂ ಗೊಣಗಲಿಲ್ಲ.

ಅವನು ಆಸ್ಪತ್ರೆಯಲ್ಲಿದ್ದಾಗಲೇ ನಡುಬೀದಿಗೆ ಕಾಂಕ್ರೀಟ್ ರಸ್ತೆ ಆಗಿಹೋಗಿತ್ತು. ವರ್ಷಗಟ್ಟಲೆ ಕೇಳಿದ್ದ ರಸ್ತೆ, ಕನ್ನಡಿ ಹಾಗೆ ನುಣ್ಣಗೆ. ಆದರೆ ನಡುಬೀದಿಯ ಗೇಟ್‌ವಾಲಿನ ಗುಂಡಿ ಆ ರಸ್ತೆಯ ಒಳಗೇ ಇತ್ತು. ಹೇಳುವವನು ಮಂಚದ ಮೇಲಿದ್ದ, ಕೇಳುವ ಪುರುಸೊತ್ತು ಕೆಲಸದವರಿಗಿರಲಿಲ್ಲ. ಮುಚ್ಚಳ ಸಮೇತ ಮೇಲೆ ಕಾಂಕ್ರೀಟ್ ಸುರಿದು ಮಟ್ಟ ಮಾಡಿ ಹೋದರು.

ಆ ವಾಲು ಅರ್ಧ ತೆರೆದೇ ಉಳಿಯಿತು. ಅದನ್ನು ಮುಚ್ಚಿದರೆ ತಾನೇ ನೀರು ಮುಂದಕ್ಕೆ, ಕಾಲೋನಿಗೆ ಹೋಗಬೇಕು? ಟ್ಯಾಂಕು ಬಿಟ್ಟಾಗಲೆಲ್ಲ ನಡುಬೀದಿಯ ನಲ್ಲಿಗಳೇ ಎಲ್ಲಾ ಕುಡಿದುಬಿಡುತ್ತಿದ್ದವು. ಕಾಲೋನಿಯಲ್ಲಿ ನಲ್ಲಿ ತಿರುಗಿಸಿದರೆ ಉಸಿರು ಬಿಟ್ಟ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಎಂಬತ್ತು ಮನೆಯ ಹೆಂಗಸರು ಬಿಂದಿಗೆ ಎತ್ತಿಕೊಂಡು ಹೊಳೆಸಾಲಿನ ಪಂಪ್‌ಸೆಟ್ಟಿಗೆ ನಡೆಯುವ ಹಾಗಾಯಿತು.

ಚಲುವಯ್ಯನ ಜಾಗಕ್ಕೆ ಸದ್ಯಕ್ಕೆ ಅಂತ ದಿನಗೂಲಿ ಮೇಲೆ ಮೆಂಬರು ರಂಗಸ್ವಾಮಿಯ ಬಾಮೈದ ಬಂದಿದ್ದ. ರಂಗಸ್ವಾಮಿ ನಡುಬೀದಿಯವನೇ, ಅಲ್ಲೇ ಅವನ ಹಿಟ್ಟಿನ ಮಿಲ್ಲು. ಕೆಟ್ಟವನೇನಲ್ಲ, ಆದರೆ ಬಾಮೈದನ ಹೊಟ್ಟೆಪಾಡಿನ ಚಿಂತೆ ಅವನ ಹೆಂಡತಿ ಮೂರು ಹೊತ್ತೂ ಅವನಿಗೆ ಬಡಿಸುತ್ತಿದ್ದಳು. ಸಣ್ಣಕ್ಕನೂ ತನ್ನನ್ನೇ ತಗೊಳ್ಳಿ ಅಂತ ಅರ್ಜಿ ಕೊಟ್ಟಿದ್ದಳು. ನಲವತ್ತೇಳು ವಯಸ್ಸು, ಮೂರನೇ ಕ್ಲಾಸು, ಹೆಂಗಸು. ಹೆಂಗಸು ನೀರುಗಂಟಿ ಆದದ್ದನ್ನು ಆ ಕಡೆಯ ಏಳೂರಿನಲ್ಲಿ ಯಾರೂ ಕಂಡಿರಲಿಲ್ಲ. ಮಗಳ ಓದಿಗೆ ಇನ್ನೊಂದು ವರ್ಷ ಬಾಕಿ. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಎದ್ದರೆ ಕೈಗೆ ಕೀ ಇಲ್ಲ ಅನ್ನುವುದೇ ಅವಳನ್ನು ತಿನ್ನುತ್ತಿತ್ತು.

ಭಾದ್ರಪದದಲ್ಲಿ ಗ್ರಾಮಸಭೆ ಆಯಿತು. ಸ್ಕೂಲ್ ಅಂಗಳದಲ್ಲಿ ಶಾಮಿಯಾನ, ಮುಂದೆ ಮೇಜು, ಮೇಜಿನ ಹಿಂದೆ ನಾಗಲಕ್ಷ್ಮಿ, ಪಕ್ಕದಲ್ಲಿ ಬರೆದುಕೊಳ್ಳಲು ರಂಜನಿ ಮೇಡಂ. ಕಾಲೋನಿಯ ಹೆಂಗಸರು ಖಾಲಿ ಬಿಂದಿಗೆ ತಂದು ಸಾಲಾಗಿ ಇಟ್ಟುಬಿಟ್ಟರು. ಸಣ್ಣಕ್ಕನ ಪಕ್ಕದ ಮನೆಯ ಮಾದಮ್ಮ ಎದ್ದು ನಿಂತಳು. ಅರವತ್ತೈದು ವಯಸ್ಸಾದರೂ ಗಂಟಲಿಗೆ ಮಾತ್ರ ಇಪ್ಪತ್ತೈದು.

"ಬೂವನಳ್ಳೀಲಿ ಇಮಾನ ಇಳಿಸ್ತಾರಂತೆ ಸಾಮಿ. ನಮ್ ಕೊಡಕ್ಕೆ ಒಂದ್ ತೊಟ್ಟು ನೀರ್ ಇಳಿಸಾಕಾಗಾಕಿಲ್ವಾ ನಿಮ್ಗೆ?"

ರಂಗಸ್ವಾಮಿ ಸಮಾಧಾನ ಮಾಡಲು ನೋಡಿದ. "ಒಸಾ ಪೈಪ್ ಆಕ್ಸಾನ ಕಣಮ್ಮ. ಮೊದ್ಲು ಎಸ್ಟಿಮೇಟ್ ಆಗ್ಲಿ."

"ಎಸ್ಟಿಮೇಟ್ ಆಗೋ ಒತ್ಗೆ ನಾನು ಮ್ಯಾಕ್ ಓಗಿರ್ತೀನಿ ಕಣಣ್ಣ. ಅಲ್ಲಾದ್ರೂ ನಲ್ಲಿ ಐತಾ, ಬರ್ದು ಕೇಳು."

ನಗು ಇಳಿದ ಮೇಲೆ ರಂಜನಿ ಮೇಡಂ ಕೇಳಿದರು. "ಹೊಸ ಪೈಪಿಗೆ ಆರು ತಿಂಗಳಾದರೂ ಬೇಕು. ಆ ಹಳೇ ವಾಲ್ ಎಲ್ಲಿದೆ ಅಂತ ಯಾರಿಗಾದರೂ ಗೊತ್ತಾ? ಇಂಜಿನಿಯರ್ ಕೊಟ್ಟ ನಕ್ಷೆಯಲ್ಲಿ ಅದು ರಂಗಸ್ವಾಮಿಯವರ ಅಡುಗೆಮನೆ ಒಳಗಿದೆ."

ಹಿಂದಿನ ಸಾಲಿನಲ್ಲಿ ಸಣ್ಣಕ್ಕ ಎದ್ದಳು. ಗಂಡ ಸತ್ತ ಮೇಲೆ ನಾಲ್ಕು ಜನರ ನಡುವೆ ಬಾಯಿ ತೆರೆದದ್ದು ಅದೇ ಮೊದಲು. "ನಂಗೊತ್ತು ಮೇಡಮ್ಮೋರೆ."

"ಕಾಂಕ್ರೀಟ್ ತಳದಲ್ಲಿರೋದು ಎಂಗ್ ಕಾಣ್ತದಕ್ಕ ನಿಂಗೆ?" ಅಂದ ರಂಗಸ್ವಾಮಿ. "ಕಣ್ಣಲ್ಲಿ ಎಕ್ಸ್‌ರೇ ಮಿಸಿನ್ ಇಕ್ಕುಸ್ಕಂಡಿದ್ದೀಯಾ?"

"ಎಕ್ಸ್‌ರೇ ಇಲ್ಲ ಕಣಣ್ಣ. ನಾಕು ವರ್ಸ ಆ ವಾಲು ತಿರುಗ್ಸಿದ್ದು ಈ ಕೈಯೇ."

ಊರೆಲ್ಲ ನುಂಗಿಕೊಂಡಿದ್ದ ಮಾತನ್ನು ಅವಳೇ ಕಕ್ಕಿಬಿಟ್ಟಿದ್ದಳು. ಸಣ್ಣಕ್ಕನಿಗೆ ಗಂಡನ ಮಣ್ಣು ಆರುವುದಕ್ಕೆ ಮುಂಚೆ ಅವನ ಮೇಲೆ ನಾನೇ ದೂರು ಹೇಳಿದಂತಾಯ್ತಲ್ಲಾ ಎನ್ನಿಸಿತು.

"ನಾಲ್ಕು ವರ್ಷದಿಂದ ನೀವೇ ತಿರುಗಿಸ್ತಿದ್ರಾ?" ಎಂದರು ರಂಜನಿ ಮೇಡಂ.

"ಊಂ. ಅವರ್ಗೆ ಮಂಡಿ ಮಡಿಸಾಕಾಯ್ತಿರ್ಲಿಲ್ಲ. ಜೊತೇಲೇ ಇರೋರು, ಏಳ್ಕೊಡೋರು. ತಪ್ಪಾಗಿದ್ರೆ ಬೈರಿ ಮೇಡಮ್ಮೋರೆ."

ರಂಜನಿ ಮೇಡಂ ಬೈಯಲಿಲ್ಲ. ಪೆನ್ನು ಕೆಳಗಿಟ್ಟು, "ಹಾಗಾದರೆ ನಿಮಗೆ ನಾಲ್ಕು ವರ್ಷದ ಅನುಭವ ಇದೆ ಅಂತ ಆಯ್ತು" ಅಂದರು. ಇಷ್ಟು ಮಾತಿಗೆ ಸಣ್ಣಕ್ಕ ಆಮೇಲೆ ಎಷ್ಟೋ ದಿನ ಮನಸ್ಸಿನಲ್ಲೇ ಕೈ ಮುಗಿದಳು.

ರಂಗಸ್ವಾಮಿ ಬಿಡಲಿಲ್ಲ. ಎರಡು ತಿಂಗಳಾಗದ ರಸ್ತೆ, ಒಡೆದು ವಾಲು ಸಿಗದಿದ್ದರೆ ಯಾರು ಉತ್ತರ ಕೊಡಬೇಕು ಅಂದ. ಅದೂ ನ್ಯಾಯದ ಮಾತೇ. ನಾಗಲಕ್ಷ್ಮಿ ಮೆಂಬರುಗಳ ಜೊತೆ ಗುಸುಗುಸು ಮಾತಾಡಿ, ಕೊನೆಗೆ ಎದ್ದು ನಿಂತು ಹೇಳಿದಳು. "ಒಂದೇ ಒಂದು ಗುಂಡಿ ಒಡೆಯೋಕೆ ಪಂಚಾಯ್ತಿ ಒಪ್ಪೈತೆ. ಸಣ್ಣಕ್ಕ ತೋರಿಸಿದ ಕಡೆ. ವಾಲು ಸಿಕ್ರೆ ನೀರುಗಂಟಿ ಕೆಲ್ಸಕ್ಕೆ ಸಣ್ಣಕ್ಕನ ಎಸ್ರು ಆಸನಕ್ಕೆ ಕಳಿಸ್ತೀವಿ. ಸಿಗ್ದಿದ್ರೆ ಈಗಿರೋರ ಎಸ್ರು." ಅದನ್ನೇ ರಂಜನಿ ಮೇಡಂ ನಡವಳಿ ಪುಸ್ತಕದಲ್ಲಿ ಬರೆದುಕೊಂಡರು. ನಾಗಲಕ್ಷ್ಮಿ ಸಹಿ ಹಾಕಿದಳು.

ಮಾರನೇ ದಿನ ಬೆಳಿಗ್ಗೆ ನಡುಬೀದಿಯಲ್ಲಿ ಜನ ಸೇರಿತು. ಒಡೆಯುವವನು ದೊಡ್ಡಯ್ಯ, ಚಲುವಯ್ಯನ ಚಿಕ್ಕಪ್ಪನ ಮಗ, ಗಾರೆ ಕೆಲಸದವನು. ಸಮ್ಮಟಿಗೆ ನೆಲಕ್ಕೆ ಊರಿ, "ಅತ್ತಿಗೆ, ಸರ್ಯಾಗ್ ತೋರ್ಸವ್ವ. ಗವರ್ಮೆಂಟ್ ರೋಡು, ಒಂದ್ಸಲ ತಪ್ಪಿದ್ರೆ ನನ್ ಮುಂದ್ಲ್ ಅಲ್ಲು ಉದುರಿಸ್ತಾರೆ" ಅಂದ.

"ನಿಂಗಿರೋದೇ ಮೂರು. ಸುಮ್ಕಿರು."

ಸಣ್ಣಕ್ಕನಿಗೆ ಲೆಕ್ಕ ಬಾಯಿಪಾಠ. ನಡುಬೀದಿಯಲ್ಲಿ ಗೋದಮ್ಮನವರ ಮನೆ, ಅವರು ಪೂಜೆ ಮಾಡುವ ಮನೆತನದವರು, ಎಂಬತ್ತರ ಹತ್ತಿರದ ಅಮ್ಮ. ಆ ಮನೆಯ ಜಗಲಿಯ ತುದಿಯಿಂದ ಸ್ಕೂಲಿನ ಕಡೆಗೆ ಹನ್ನೊಂದು ಹೆಜ್ಜೆ. ಮುಚ್ಚಳ ಕೆಸರಿನಲ್ಲಿ ಹೂತುಹೋದ ದಿನಗಳಲ್ಲಿ ಚಲುವಯ್ಯ ಎದುರು ಬದಿಯ ಚರಂಡಿ ಪಕ್ಕ ನಿಂತು, ಜಗಲಿ ತುದಿಗೆ ಕಣ್ಣು ನೇರ ಇಟ್ಟು, ಅಲ್ಲಿಂದ ಹೆಜ್ಜೆ ಹಾಕುತ್ತಿದ್ದ. ಅವಳೂ ಹಾಗೇ ನಿಂತಳು, ಹಾಗೇ ನೋಡಿದಳು, ಹಾಗೇ ಹನ್ನೊಂದು ಹೆಜ್ಜೆ ನಡೆದಳು. ಇದ್ದಿಲಿನಲ್ಲಿ ಗುರುತು ಹಾಕಿ "ಇಲ್ಲೇ" ಅಂದಳು. ದನಿಯಲ್ಲಿ ಅನುಮಾನ ಇರಲಿಲ್ಲ.

ದೊಡ್ಡಯ್ಯ ಉಳಿ ಇಟ್ಟು ಹೊಡೆದ. ಮುಕ್ಕಾಲು ಗಂಟೆಯ ಮೇಲೆ ಕಾಂಕ್ರೀಟ್ ಬಾಯಿ ಬಿಟ್ಟಿತು. ಹಾರೆ ಹಾಕಿ ಮೀಟಿದ. ಜಲ್ಲಿ, ಅದರ ಕೆಳಗೆ ಕೆಂಪು ಮಣ್ಣು. ಇನ್ನೂ ತೋಡಿದ. ಮತ್ತೂ ಮಣ್ಣು. ಕಬ್ಬಿಣದ ಮುಚ್ಚಳವೂ ಇಲ್ಲ, ಇಟ್ಟಿಗೆಯ ಕಟ್ಟೂ ಇಲ್ಲ.

"ಸಿಕ್ತಾ?" ಎಂದ ರಂಗಸ್ವಾಮಿ, ಮಿಲ್ಲಿನ ಬಾಗಿಲಿನಿಂದಲೇ.

ರಂಗಸ್ವಾಮಿ ಹತ್ತಿರ ಬಂದು ಗುಂಡಿಗೆ ಬಗ್ಗಿ ನೋಡಿ, "ಬಾಳೆಗಿಡ ನೆಡಬೋದು, ಒಳ್ಳೆ ಮಣ್ಣು" ಅಂದ. ಅವನ ಬಾಮೈದ ನಕ್ಕ. ಒಂದಿಬ್ಬರು ಮುಖ ತಿರುಗಿಸಿ ನಕ್ಕರು. ರಂಜನಿ ಮೇಡಂ ನಗಲಿಲ್ಲ, ನಡವಳಿ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು. ಆ ಗುಂಡಿಗೆ ಉತ್ತರ ಬರೆಯಬೇಕಾದವರು ಅವರು.

ಸಣ್ಣಕ್ಕ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಕೆಲಸ ಹೋಯಿತು ಅನ್ನುವುದು ಆಮೇಲಿನ ಮಾತು. ನಾಲ್ಕು ವರ್ಷ ದಿನಾ ಬಂದ ಜಾಗ ತನ್ನ ಕಾಲಿಗೇ ಗೊತ್ತಿಲ್ಲ ಅಂದರೆ ಏನು? ಚಲುವಯ್ಯ ಹೇಳಿದ್ದು ಹನ್ನೊಂದೋ ಹದಿಮೂರೋ? ಅವನ ದನಿ ಕೇಳಿಸಿಕೊಳ್ಳಲು ನೋಡಿದಳು. ಹನ್ನೊಂದೇ.

ಆಗ ಜಗಲಿಯ ಮೇಲಿಂದ ಗೋದಮ್ಮನವರ ದನಿ ಬಂತು. ಕಂಬ ಹಿಡಿದು ನಿಂತು ಬೆಳಗಿನಿಂದ ಎಲ್ಲಾ ನೋಡುತ್ತಿದ್ದರು.

"ಏನೇ ಸಣ್ಣಕ್ಕ, ಎಲ್ಲಿಂದ ಅಳೆದೆ?"

"ನಿಮ್ ಜಗಲಿ ತುದಿಯಿಂದ ಅಮ್ಮಾವ್ರೆ. ಯಾವಾಗ್ಲೂ ಅಲ್ಲಿಂದ್ಲೇ."

"ಅಯ್ಯೋ ಹುಚ್ಚಿ! ಜಗಲಿ ಮೊದಲಿನ ಜಗಲಿಯೇನೇ ಇದು? ರಸ್ತೆ ಮಾಡೋವಾಗ ಜಲ್ಲಿ ಲಾರಿ ತಿರುಗೋದಿಲ್ಲ ಅಂತ ಆ ತುದೀನ ಎರಡೂವರೆ ಮೊಳ ಕಡಿದು ಹಾಕಿದ್ರಲ್ಲ. ಕಡಿದ ಕಡೆ ಸಿಮೆಂಟು ಬಳಿದು ಕೆಂಪು ಬಣ್ಣ ಹೊಡೆಸಿದ್ದೀನಿ, ಬಾ, ಹತ್ತಿರ ಬಂದು ನೋಡು."

ಸಣ್ಣಕ್ಕ ಎದ್ದು ಹೋದಳು. ಜಗಲಿಯ ಮೂರು ಅಡಿ ಈಚೆಗೆ ಅವಳ ಕಾಲು ತಾನಾಗಿ ನಿಂತಿತು. ಆವಾಗ ಅವಳಿಗೆ ತಿಳಿಯಿತು, ತಪ್ಪು ಎಲ್ಲಾಯಿತು ಅಂತ. ಚಲುವಯ್ಯ ಎಂದೂ ಆ ಜಗಲಿ ಮುಟ್ಟಿ ಅಳೆದವನಲ್ಲ. ಈಗಿನ ಕಾಲದಲ್ಲಿ ಬೇಡ ಅಂದವರು ಯಾರೂ ಇರಲಿಲ್ಲ. ಅವನಪ್ಪ ಅಲ್ಲಿ ನಿಲ್ಲುತ್ತಿರಲಿಲ್ಲ, ಅವನೂ ನಿಲ್ಲಲಿಲ್ಲ, ಅವಳೂ ನಿಲ್ಲಲಿಲ್ಲ. ಎದುರು ಬದಿಯಿಂದ ಕಣ್ಣಳತೆ ಹಾಕಿದವರಿಗೆ ತುದಿ ಕಂಡರೆ ಸಾಕಿತ್ತು, ಅದು ಹಳೇ ತುದಿಯೋ ಹೊಸದೋ ಅಂತ ಹತ್ತಿರ ಹೋಗಿ ನೋಡಿದ್ದರೆ ತಾನೇ!

"ಬಾರೇ, ಅಲ್ಲಿ ಯಾಕೆ ಕಂಬದ ಹಾಗೆ ನಿಂತೆ?" ಎಂದರು ಗೋದಮ್ಮ. "ಮುಟ್ಟಿ ನೋಡು. ಇಲ್ಲಿಂದ ಎರಡೂವರೆ ಮೊಳ ಮುಂದಕ್ಕೆ ಇತ್ತು ಹಳೇದು. ದಿನಾ ರಂಗೋಲಿ ಹಾಕೋಳು ನಾನು, ನನಗೆ ಗೊತ್ತಿಲ್ವೇ?"

ಸಣ್ಣಕ್ಕ ಜಗಲಿ ಮುಟ್ಟಿದಳು. ಹೊಸ ಸಿಮೆಂಟು ತಣ್ಣಗಿತ್ತು. ಅಲ್ಲಿ ಮೊಳಕೈ ಊರಿ, ಸ್ಕೂಲಿನ ಕಡೆಗೆ ಒಂದು ಮೊಳ, ಎರಡು ಮೊಳ, ಇನ್ನರ್ಧ ಅಳೆದಳು. ಅಲ್ಲಿಂದ ಹನ್ನೊಂದು ಹೆಜ್ಜೆ ಹಾಕಿದಳು. ತೋಡಿದ ಗುಂಡಿ ದಾಟಿ ಎರಡೂವರೆ ಮೊಳ ಆಚೆಗೆ ಬಂದು ನಿಂತಳು.

ಈ ಸಲ "ಇಲ್ಲೇ" ಅನ್ನಲಿಲ್ಲ. ಲೆಕ್ಕ ಒಂದು ಸಲ ಕೈ ಕೊಟ್ಟಿತ್ತು. ಎಲ್ಲಾದರೂ ಪೈಪು ಸೋರಿದರೆ ಚಲುವಯ್ಯ ಕೀ ನೆಲಕ್ಕೆ ಊರಿ, ಅದರ ಹಿಡಿಗೆ ಕಿವಿ ಕೊಟ್ಟು ಕೇಳುತ್ತಿದ್ದ. ನೆಲದೊಳಗಿನ ನೀರಿನ ಸದ್ದು ಕಬ್ಬಿಣದಲ್ಲಿ ಏರಿ ಬರುತ್ತಿತ್ತು. ಲೆಕ್ಕ ಗೊತ್ತಿದೆ ಅನ್ನುವ ಧೈರ್ಯದಲ್ಲಿ ಅವಳಿಗೆ ಬೆಳಿಗ್ಗೆ ಅದು ಹೊಳೆದಿರಲಿಲ್ಲ.

"ಟ್ಯಾಂಕ್ ಬಿಡ್ಸಿ ಮೇಡಮ್ಮೋರೆ. ಆ ಕೀ ಕೊಡ್ಸಿ."

ರಂಗಸ್ವಾಮಿಯ ಬಾಮೈದ ಕೀ ಕೊಟ್ಟು, ಟ್ಯಾಂಕಿನ ವಾಲು ಬಿಟ್ಟು ಬಂದ. ಸಣ್ಣಕ್ಕ ಕೀ ಊರಿ ಕಿವಿ ಇಟ್ಟಳು. ಗರ್ರೋ ಅನ್ನುವ ಸದ್ದು, ಆದರೆ ಅದು ನೀರಲ್ಲ, ಮಿಲ್ಲು. "ಮಿಲ್ ನಿಲ್ಸಾಕ್ ಏಳ್ರಪ್ಪಾ" ಅಂದಳು, ಯಾರ ಮುಖವನ್ನೂ ನೋಡದೆ.

ಮಿಲ್ಲಿನಲ್ಲಿ ಯಾರದ್ದೋ ರಾಗಿ ಅರ್ಧ ಬೀಸಿತ್ತು. ರಂಗಸ್ವಾಮಿ ಒಂದು ಸಲ ಬಾಮೈದನನ್ನು ನೋಡಿದ, ಒಂದು ಸಲ ಕೀಗೆ ಕಿವಿ ಕೊಟ್ಟು ಬಗ್ಗಿದ್ದ ಹೆಂಗಸನ್ನು ನೋಡಿದ. ಒಳಗೆ ಹೋಗಿ ಸ್ವಿಚ್ಚು ಆರಿಸಿದ. ಬೆಲ್ಟು ಪಟಪಟ ಹೊಡೆದು ನಿಂತಿತು. ನಾಗಲಕ್ಷ್ಮಿ ಮನೆ ಮನೆಗೆ ಕೂಗಿ ಟಿವಿ ಆರಿಸಿದಳು. ಅತ್ತ ಬರುತ್ತಿದ್ದ ಟ್ರಾಕ್ಟರನ್ನು ದೊಡ್ಡಯ್ಯ ಕೈ ಅಡ್ಡ ಹಿಡಿದು ನಿಲ್ಲಿಸಿದ. ನಡುಬೀದಿ ಅಷ್ಟು ಸುಮ್ಮನಿದ್ದದ್ದನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ. ಗೋದಮ್ಮನವರ ಬಳೆ ಕಂಬಕ್ಕೆ ತಾಗಿದ್ದು ಬೀದಿಗೆಲ್ಲ ಕೇಳಿಸಿತು.

ಸಣ್ಣಕ್ಕ ಕಣ್ಣು ಮುಚ್ಚಿದಳು. ಮೊದಲು ತನ್ನ ಕಿವಿಯ ರಕ್ತದ ಸದ್ದೇ. ಆಮೇಲೆ ಅದರ ಕೆಳಗೆ, ಹಾಲು ಉಕ್ಕುವುದಕ್ಕೆ ಮುಂಚೆ ಪಾತ್ರೆಯಲ್ಲಿ ಆಗುತ್ತದಲ್ಲ, ಆ ಥರ ಒಂದು ಸಣ್ಣ ಸುಯ್ಯೋ ಸದ್ದು. ಅರ್ಧ ತೆರೆದ ವಾಲಿನ ಸಂದಿನಲ್ಲಿ ನೀರು ನುಗ್ಗುವ ಸದ್ದು. ಕೀಯನ್ನು ಒಂದು ಗೇಣು ಆಚೆ ಇಟ್ಟಳು, ಸದ್ದು ಕಮ್ಮಿಯಾಯಿತು. ಈಚೆಗೆ ತಂದಳು, ಹೆಚ್ಚಾಯಿತು.

"ಇಲ್ಲೇ ಕಣ ದೊಡ್ಡಯ್ಯ."

"ಒಂದೇ ಗುಂಡಿ ಅಂತ ನಡವಳೀಲಿ ಬರ್ದೈತಲ್ಲ ಮೇಡಂ" ಅಂದ ರಂಗಸ್ವಾಮಿ. ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ, ಆದರೂ ಅಂದ. ರಂಜನಿ ಮೇಡಂ ಪುಸ್ತಕ ತೆರೆದು ನೋಡಿದರು. ಒಂದೇ ಗುಂಡಿ ಅಂತಲೇ ಇತ್ತು, ಅವರದೇ ಅಕ್ಷರದಲ್ಲಿ.

ಗೋದಮ್ಮ ಜಗಲಿಯಿಂದಲೇ ಕೇಳಿದರು. "ಆ ಗುಂಡಿ ಎಷ್ಟು ಉದ್ದ ಇರಬೇಕು ಅಂತ ಬರೆದಿದ್ದೀಯೇನಮ್ಮ?"

"ಇಲ್ಲಮ್ಮ."

"ಮತ್ತೆ? ಅದೇ ಗುಂಡಿಯನ್ನ ಇಲ್ಲೀತನಕ ಉದ್ದ ಮಾಡ್ರೋ. ಇನ್ನೊಂದು ಯಾಕೆ ಒಡೀತೀರಿ?"

ಮೊದಲು ನಕ್ಕವಳು ನಾಗಲಕ್ಷ್ಮಿ. ಆಮೇಲೆ ಬೀದಿಯೇ ನಕ್ಕಿತು. ಕೊನೆಗೆ ರಂಗಸ್ವಾಮಿಯೂ ತಲೆ ಕೆರೆದುಕೊಂಡು ನಕ್ಕ. ರಂಜನಿ ಮೇಡಂ ಪೆನ್ನು ತೆಗೆದು, ಅಲ್ಲೇ ನಿಂತು, 'ಗುಂಡಿಯನ್ನು ಅಗತ್ಯವಿರುವಷ್ಟು ಉದ್ದ ಮಾಡಲಾಯಿತು' ಎಂದು ಬರೆದರು. "ಯಾರಾದರೂ ಕೇಳಿದರೆ ನಾನು ಉತ್ತರ ಕೊಡ್ತೀನಿ" ಅಂದರು. ನಾಗಲಕ್ಷ್ಮಿ ದೊಡ್ಡಯ್ಯನ ಬೆನ್ನಿನ ಮೇಲೆ ಪುಸ್ತಕ ಇಟ್ಟು ಸಹಿ ಹಾಕಿದಳು. "ಬೇಗ್ ಆಕವ್ವ, ಕೂಲಿಗ್ ಬಂದೋನು ನಾನು, ಮೇಜಲ್ಲ" ಅಂದ ಅವನು.

ಅರ್ಧ ಗಂಟೆಗೆ ಹಾರೆ ಠಣ್ ಅಂದಿತು. ಕಬ್ಬಿಣದ ಮುಚ್ಚಳ. ಅದನ್ನೆತ್ತಿದರೆ ನಾಲ್ಕು ಕಡೆ ಇಟ್ಟಿಗೆ ಕಟ್ಟಿದ ಗುಂಡಿ, ಅದರ ತಳದಲ್ಲಿ ಹಸಿರು ಬಣ್ಣ ಉದುರಿದ ವಾಲು. ಸಣ್ಣಕ್ಕ ಸೆರಗು ಸಿಕ್ಕಿಸಿಕೊಂಡು ಒಳಗಿಳಿದಳು. ಯಾರೂ ತಡೆಯಲಿಲ್ಲ. ಕೀ ಕೂರಿಸಿ ಬಲಕ್ಕೆ ಒತ್ತಿದಳು. ಅಲುಗಲಿಲ್ಲ. ಇನ್ನೊಂದು ಸಲ ಒತ್ತಿದಳು. ಎರಡು ತಿಂಗಳ ತುಕ್ಕು ಕಿರ್ರೆಂದು ಬಿಟ್ಟುಕೊಟ್ಟಿತು. ಮೂರು ಸುತ್ತು, ಇನ್ನರ್ಧ, ಸಾಕು.

ಸ್ವಲ್ಪ ಹೊತ್ತಿಗೆ ದೊಡ್ಡಯ್ಯನ ಫೋನು ಹೊಡೆದುಕೊಂಡಿತು. ಕಾಲೋನಿಯಿಂದ ಮಾದಮ್ಮ. ಸ್ಪೀಕರ್ ಹಾಕುವ ಅಗತ್ಯವೇ ಇರಲಿಲ್ಲ. "ಬಂತು ಕಣ್ಲಾ! ಮೊದ್ಲು ಕೆಮ್ಮುತು, ಆಮ್ಯಾಕೆ ಕೆಂಪುಗ್ ಬಂತು, ಈಗ ತಿಳಿ ಆಯ್ತಾ ಐತೆ. ಸಣ್ಣಿ ಎಲ್ಲವ್ಳೆ? ಅವ್ಳಿಗೇಳು, ನನ್ ಬಿಂದ್ಗೆ ತುಂಬ್ತು ಅಂತ!"

ಗುಂಡಿಯಿಂದ ಹತ್ತುವಾಗ ಸಣ್ಣಕ್ಕನಿಗೆ ಕೈ ಕೊಟ್ಟವರು ರಂಜನಿ ಮೇಡಂ. ಅವರ ಸೀರೆಗೆಲ್ಲ ಕೆಸರಾಯಿತು. ಸಣ್ಣಕ್ಕ ನೇರ ಗೋದಮ್ಮನ ಜಗಲಿಯ ಹತ್ತಿರ ಹೋಗಿ, "ನೀವಿಲ್ದಿದ್ರೆ ನನ್ ಬಾಳು ಮಣ್ಣಾಯ್ತಿತ್ತು ಅಮ್ಮಾವ್ರೆ" ಅಂದಳು.

"ನಂದೇನಿದೆಯೇ? ಜಗಲಿ ಕಡಿದಾಗ ಮೂರು ದಿನ ಅವರಿಗೆ ಹಿಡಿಶಾಪ ಹಾಕಿದ್ದೆ. ಅದಕ್ಕೇ ಅಳತೆ ಅಷ್ಟು ಚೆನ್ನಾಗಿ ನೆನಪಿತ್ತು. ಕೂತ್ಕೋ, ಕಾಫಿ ತರ್ತೀನಿ. ಅಲ್ಲಿ ಅಲ್ಲ, ಇಲ್ಲಿ, ಮೇಲೆ."

ಸಣ್ಣಕ್ಕ ಕೂತಳು. ಎಲ್ಲರ ಕಣ್ಣೂ ತನ್ನ ಮೇಲಿದೆ ಅನ್ನಿಸಿತು, ನೋಡಿದರೆ ಎಲ್ಲರೂ ವಾಲು ನೋಡುತ್ತಿದ್ದರು. ಅತ್ತೆ ಹೇಳುತ್ತಿದ್ದುದು ನೆನಪಾಯಿತು. ಅವರ ಕಾಲದಲ್ಲಿ ಊರ ಬಾವಿಯ ಹತ್ತಿರ ಗಡಿಗೆ ಇಟ್ಟು, ಯಾರಾದರೂ ಸೇದಿ ಹುಯ್ಯಲಿ ಅಂತ ಬಿಸಿಲಲ್ಲಿ ನಿಲ್ಲುತ್ತಿದ್ದರಂತೆ. ಅತ್ತೆಗೆ ಈ ದಿನ ತೋರಿಸಬೇಕಿತ್ತು. ಕಾಫಿ ಬಿಸಿಯಾಗಿತ್ತು, ಸಕ್ಕರೆ ಜಾಸ್ತಿ.

ಅದೇ ವಾರ ಅವಳ ಹೆಸರು ಅರಕಲಗೂಡಿಗೆ ಹೋಯಿತು. ಅಲ್ಲಿಂದ ಹಾಸನಕ್ಕೆ. ದಿನಗೂಲಿ ಮೇಲೆ ಕೀ ಅವಳ ಹೆಗಲಿಗೆ ಬಂತು. ರಂಗಸ್ವಾಮಿಯ ಬಾಮೈದನಿಗೆ ಗೌಡನಕಟ್ಟೆಯ ಕಸದ ಗಾಡಿ ಓಡಿಸುವ ಕೆಲಸ ಸಿಕ್ಕಿತು, ಗಾಡಿಯ ಹಾಡು ಅವನಿಗೆ ಬಹಳ ಇಷ್ಟವಾಯಿತಂತೆ.

ದಿನಾ ಬೆಳಿಗ್ಗೆ ಹೊರಡುವ ಮುಂಚೆ ಸಣ್ಣಕ್ಕ ಗೋಡೆಯ ಮೇಲಿನ ಬುದ್ಧನ ಪಟಕ್ಕೂ ಬಾಬಾಸಾಹೇಬರ ಪಟಕ್ಕೂ ಕೈ ಮುಗಿದು, ಮನಸ್ಸಿನಲ್ಲಿ ಇನ್ನೂ ಕೆಲವರನ್ನು ನೆನೆಯುವುದು ಅಭ್ಯಾಸವಾಯಿತು. ನಾಲ್ಕು ಜನರ ಮುಂದೆ ಅವಳನ್ನು ಸಣ್ಣದು ಮಾಡದ ರಂಜನಿ ಮೇಡಂ. ಹೆದರದೆ ಸಹಿ ಹಾಕಿದ ನಾಗಲಕ್ಷ್ಮಿ. ಹತ್ತಿರ ಬಾ ಅಂದ ಗೋದಮ್ಮ. ಕೈಗೆ ಕೆಲಸ ಕಲಿಸಿ ಹೋದ ಗಂಡ. ಅವನ ಮಂಡಿನೋವಿಗೂ ಒಂದು ಪಾಲು ಕೊಡುತ್ತಿದ್ದಳು, ಕೊಡುವಾಗ ಅಳು ಬರುತ್ತಿತ್ತು. ಕೊನೆಗೆ ರಂಗಸ್ವಾಮಿಯನ್ನೂ ಬಿಡುತ್ತಿರಲಿಲ್ಲ. ಬಾಮೈದನ ಕೆಲಸ ಹೋಗುತ್ತದೆ ಅಂತ ಗೊತ್ತಿದ್ದೂ ಮಿಲ್ಲು ನಿಲ್ಲಿಸಿದವನು ಅವನೇ ಅಲ್ಲವಾ? ನಿಲ್ಲಿಸೋದಿಲ್ಲ ಅಂದಿದ್ದರೆ ಯಾರು ಕೇಳುತ್ತಿದ್ದರು?

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಪಂಚಾಯ್ತಿಯಿಂದ ಕರೆ ಬಂತು. ರಂಜನಿ ಮೇಡಂ ಹಾಸನದಿಂದ ಬಂದ ಆದೇಶ ಓದಿ ಹೇಳಿದರು. ಸಣ್ಣಕ್ಕ "ನನ್ ಎಸ್ರಿರೋದು ಇನ್ನೊಂದ್ಸಲ ಓದಿ" ಅಂದಳು. ಅವರು ಓದಿದರು. ಕೇಳದೆಯೇ ಮೂರನೇ ಸಲವೂ ಓದಿದರು. ಹಾಜರಿ ಪುಸ್ತಕದಲ್ಲಿ ಅವಳು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕುವ ತನಕ ನಾಗಲಕ್ಷ್ಮಿ ಆ ಪುಟ ಅಲುಗದ ಹಾಗೆ ಹಿಡಿದುಕೊಂಡಿದ್ದಳು. ಫೋನಿನಲ್ಲಿ ವಿಷಯ ಕೇಳಿದ ಶೋಭಿತಾ "ಅಮ್ಮಾ, ಸಾಯಂಕಾಲದ ಬಸ್ಸಿಗೆ ಬತ್ತೀನಿ, ಕೋಳಿ ತತ್ತೀನಿ" ಎಂದಳು.

ಹೊರಗೆ ಮೆಟ್ಟಿಲ ಹತ್ತಿರ ರಂಗಸ್ವಾಮಿ ಕಾದಿದ್ದ. ಎರಡು ಸಲ ಕೆಮ್ಮಿದ. "ಸಣ್ಣಕ್ಕ, ನಾಳಿದ್ದು ನಮ್ ಸೌಜನ್ಯನ ನಿಶ್ಚಿತಾರ್ಥ. ನೂರೈವತ್ತು ಜನ ಬತ್ತಾರೆ. ನಮ್ ಕಡೀಕೆ ಒಂದರ್ಧ ಗಂಟೆ ಜಾಸ್ತಿ ನೀರು..."

"ಅರ್ಜಿ ಬರ್ದುಕೊಡಣ್ಣ" ಅಂದಳು ಸಣ್ಣಕ್ಕ, ಮುಖ ಗಟ್ಟಿ ಮಾಡಿಕೊಂಡು. "ಮೀಟಿಂಗಲ್ಲಿ ಪಾಸ್ ಮಾಡ್ಸಿ ಆಸನಕ್ಕೆ ಕಳಿಸಾನ. ಮದ್ವೆ ಒತ್ಗಾದ್ರೂ ಬತ್ತದೆ."

ರಂಗಸ್ವಾಮಿಯ ಮುಖ ಇಳಿದುಹೋಯಿತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಸುಮ್ಕಂದೆ ಕಣಣ್ಣ. ಎಣ್ ಮಗ್ಳ ಕಾರ್ಯಕ್ಕೆ ನೀರ್ ಇಲ್ಲ ಅನ್ನಾಕಾಯ್ತದಾ? ಬೆಳಿಗ್ಗೆ ಆರಕ್ಕೆ ಬಿಡ್ತೀನಿ. ಡ್ರಮ್ಮು ತೊಳ್ದಿಡು ಓಗು."

"ಊಟಕ್ಕೆ ನೀನೂ ಬರ್ಬೇಕು. ಮೊದ್ಲನೇ ಪಂಕ್ತಿಗೇ."

"ಬತ್ತೀನಿ. ನೀರ್ ನಿಲ್ಸಿ ಬತ್ತೀನಿ" ಅಂದು ಸಣ್ಣಕ್ಕ ಗೋಡೆಗೆ ಒರಗಿಸಿದ್ದ ಕೀ ಎತ್ತಿ ಹೆಗಲಿಗೆ ಹಾಕಿಕೊಂಡಳು. ಸ್ಕೂಲ್ ಬೀದಿಯವರ ಸರದಿ, ಆಗಲೇ ಕಾಲು ಗಂಟೆ ತಡವಾಗಿತ್ತು.